ಹೊಗೆ ಬಿಡದ ಕಾರಿನ ಕರಿ ಧೂಳು

ಕಳೆದ ಜೂನ್ ತಿಂಗಳ ಒಂದು ಸಂಜೆ. ಹನುಮಂತನಗರದ ಕುಮಾರಸ್ವಾಮಿ ದೇವಸ್ಥಾನದ ಗುಡ್ಡದ ಬದಿಯ ಇಳಿಜಾರಿನಲ್ಲಿ ಬರುತ್ತಿದ್ದೆ. ಅದೇ ತಾನೇ ನಾಲ್ಕು ಹನಿ ಮಳೆ ಬಿದ್ದು ರಸ್ತೆ ನುಣುಪಾಗಿತ್ತು. ಕೊಡೆ ಹಿಡಿದ ಶಾಲಾ ಬಾಲಕಿಯೊಬ್ಬಳು ಅತ್ತಿತ್ತ ನೋಡದೆ ರಸ್ತೆಗಿಳಿದಳು. ಬ್ರೇಕ್ ಒತ್ತಿದೆ. ಕಾರು ನಾನೆಣಿಸಿದ ಜಾಗದಲ್ಲಿ ನಿಲ್ಲದೆ ನಾಲ್ಕು ಅಡಿ ಮುಂದಕ್ಕೆ ಹೋಗಿ ನಿಂತಿತು. ಹುಡುಗಿ ಏನೂ ಅರಿಯದೆ ದಾಟಿ ಹೋದಳು. ನನ್ನ ಕೈ ಮಾತ್ರ ಮನೆ ತಲುಪುವವರೆಗೂ ನಡುಗುತ್ತಿತ್ತು.

ಮನೆಯ ಮುಂದೆ ನಿಲ್ಲಿಸಿ ಮುಂಗಾಲಿಗಳನ್ನು ನೋಡಿದೆ. ಹೊಸ ಟೈರಿನಲ್ಲಿ ಎಂಟು ಮಿಲಿಮೀಟರಿನಷ್ಟು ಆಳವಿರುವ ಗೆರೆಗಳು ಬಹುತೇಕ ಮಾಯವಾಗಿದ್ದವು. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದಾಗ ಟೈರಿನ ಮೈಯೊಂದಿಗೆ ಸಮವಾಗುವಂತೆ ಗೆರೆಯ ತಳದಲ್ಲಿ ಸಣ್ಣ ರಬ್ಬರ್ ಉಬ್ಬುಗಳನ್ನು ಇಟ್ಟಿರುತ್ತಾರೆ. ಅವು ಸಮವಾದ ಮೇಲೆ ಆ ಟೈರಿನಲ್ಲಿ ರಸ್ತೆಗಿಳಿಯುವಂತಿಲ್ಲ. ನನ್ನವು ಆ ಗಡಿಯಲ್ಲಿದ್ದವು. ಕಾರು ಓಡಿದ್ದು ಕೇವಲ 31,000 ಕಿ.ಮೀ. ಹಿಂದಿನ ಪೆಟ್ರೋಲ್ ಕಾರಿನ ಟೈರುಗಳು 45,000 ಕಿ.ಮೀ. ಬಾಳಿದ್ದವು.

ಮೂರು ವರ್ಷಗಳ ಹಿಂದೆ ವಿದ್ಯುತ್ ಕಾರು ಕೊಂಡಾಗಿನಿಂದ ನಾನು ಅದರ ಸಂಬಳವಿಲ್ಲದ ಪ್ರಚಾರಕನಾಗಿದ್ದೆ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿದದ್ದು ನಮ್ಮ ಬೆಂಗಳೂರಿನಿಂದಲೇ. ವಿದ್ಯುತ್ ವಾಹನಗಳಿಗೆಂದು ದೇಶದಲ್ಲೇ ಮೊದಲು, 2017ರಲ್ಲಿ, ನೀತಿ ರೂಪಿಸಿದ್ದೂ ಕರ್ನಾಟಕವೇ. ಹೊಗೆಯಿಲ್ಲ, ಸದ್ದಿಲ್ಲ, ಆಯಿಲ್ ಬದಲಿಸುವ ಗೊಡವೆಯಿಲ್ಲ ಎಂದು ಬೆಳಗಿನ ನಡಿಗೆಯ ಗೆಳೆಯರ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಟೈರಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಯೋಚಿಸಬೇಕಿತ್ತು. ಈ ಕಾರಿನ ಬ್ಯಾಟರಿಯೊಂದೇ ಇನ್ನೂರೈವತ್ತು ಕಿಲೋ ಮೀರುತ್ತದೆ. ಎಂಜಿನ್, ಇಂಧನದ ಟ್ಯಾಂಕ್ ಇಲ್ಲದ ಉಳಿತಾಯವನ್ನು ಕಳೆದರೂ, ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇನ್ನೂರು ಕಿಲೋದಷ್ಟು ಹೆಚ್ಚು ತೂಕ. ಮೂವರು ವಯಸ್ಕರನ್ನು ಹಗಲಿರುಳೂ ಕೂರಿಸಿಕೊಂಡು ಓಡಾಡಿದಂತೆ. ಮೇಲಾಗಿ ವಿದ್ಯುತ್ ಮೋಟಾರು ತನ್ನ ಪೂರ್ಣ ಬಲವನ್ನು ನಿಂತ ಜಾಗದಿಂದಲೇ ಚಕ್ರಕ್ಕೆ ಕೊಡುತ್ತದೆ. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದೊಡನೆ ಸ್ಕೂಟರಿನವರನ್ನು ಹಿಂದಿಕ್ಕುವ ಸುಖಕ್ಕೆ ತೆರುವ ಬೆಲೆ ರಬ್ಬರಿನದು. ವೇಗ ತಗ್ಗಿಸುವಾಗಲೂ ಅಷ್ಟೆ: ಮೋಟಾರು ಹಿಮ್ಮುಖವಾಗಿ ದುಡಿದು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ರೇಕಿನ ಪ್ಯಾಡು ಉಳಿಯುತ್ತದೆ, ನಿಜ. ಆದರೆ ಮುಂಗಾಲಿಗಳಿಂದ ಓಡುವ ನನ್ನಂಥವರ ಕಾರಿನಲ್ಲಿ ಎಳೆಯುವ, ತಿರುಗಿಸುವ, ತಡೆಯುವ ಮೂರೂ ಕೆಲಸ ಅದೇ ಎರಡು ಟೈರುಗಳ ಪಾಲು.

ಮಾರನೆಯ ದಿನ ಟೈರು ಹುಡುಕಿ ಹೊರಟೆ. ಮೊದಲ ಅಂಗಡಿಯವರು, 'ಇದು ಹಾಕ್ಕೊಳ್ಳಿ ಸಾರ್, ಸೈಜ್ ಒಂದೇ, ಎರಡು ಸಾವಿರ ಕಮ್ಮಿ' ಎಂದು ಒಂದನ್ನು ಉರುಳಿಸಿ ತಂದರು. ಅಗಲ, ಎತ್ತರ, ರಿಮ್ಮಿನ ಅಳತೆ ಎಲ್ಲವೂ ಸರಿಯೇ. ಆದರೆ ಅಳತೆಯ ಪಕ್ಕದಲ್ಲಿ ನನ್ನ ಹಳೆಯ ಟೈರಿನ ಮೇಲೆ 95 ಎಂದಿದ್ದರೆ, ಇದರ ಮೇಲೆ 91 ಎಂದಿತ್ತು. ಆ ಅಂಕಿ ಟೈರು ಹೊರಬಲ್ಲ ಭಾರದ ಸೂಚಿ: 91 ಎಂದರೆ 615 ಕಿಲೋ, 95 ಎಂದರೆ 690, 99 ಎಂದರೆ 775. ನಿಂತ ಕಾರಿಗೆ 91 ಸಾಕೆನಿಸಬಹುದು. ಆದರೆ ತುಂಬಿದ ಕಾರು ಇಳಿಜಾರಿನಲ್ಲಿ ಬ್ರೇಕ್ ಹಾಕಿ ಹೊಂಡಕ್ಕೆ ಧುಮುಕಿದಾಗ ಒಂದೇ ಗಾಲಿಯ ಮೇಲೆ ಬೀಳುವ ಪೆಟ್ಟಿನ ಲೆಕ್ಕವೇ ಬೇರೆ. ಕಾರು ತಯಾರಿಸಿದವರು ಸೂಚಿಸಿದ ಅಂಕಿಗಿಂತ ಕೆಳಗಿಳಿಯುವುದು ಉಳಿತಾಯವಲ್ಲ, ಸಾಹಸ. ಹೆಚ್ಚು ಭಾರಕ್ಕೆಂದೇ ಗಟ್ಟಿಯಾಗಿ ಕಟ್ಟಿದ ಟೈರುಗಳ ಮೇಲೆ 'ಎಕ್ಸ್‌ಎಲ್' ಎಂದಿರುತ್ತದೆ. ವಿದ್ಯುತ್ ಕಾರಿನವರು ಅದನ್ನು ಕೇಳಿ ಪಡೆಯುವುದೊಳಿತು.

ಇನ್ನು ಬೆಲೆ. ಒಂದು ಜಾತಿಯ ಟೈರಿಗೆ 7,000 ರೂಪಾಯಿ, ಬಾಳಿಕೆ 30,000 ಕಿ.ಮೀ. ಎಂದಿಟ್ಟುಕೊಳ್ಳಿ. ಇನ್ನೊಂದಕ್ಕೆ 9,500 ರೂಪಾಯಿ, ಬಾಳಿಕೆ 45,000. ನಾಲ್ಕು ಟೈರಿಗೆ ಲೆಕ್ಕ ಹಾಕಿದರೆ ಮೊದಲನೆಯದು ಕಿಲೋಮೀಟರಿಗೆ 93 ಪೈಸೆ, ಎರಡನೆಯದು 84 ಪೈಸೆ. ದುಬಾರಿಯದೇ ಅಗ್ಗ! ನೂರು ಕಿ.ಮೀ.ಗೆ 15 ಯೂನಿಟ್, ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೆ ವಿದ್ಯುತ್ತಿನ ಖರ್ಚು ಕಿಲೋಮೀಟರಿಗೆ 1 ರೂಪಾಯಿ 5 ಪೈಸೆ. ಅಂದರೆ ನಾವು ಸದಾ ಎಣಿಸುವ ಕರೆಂಟಿಗೂ, ಎಂದೂ ಎಣಿಸದ ಟೈರಿಗೂ ಬಹುತೇಕ ಒಂದೇ ಖರ್ಚು. ಬಾಳಿಕೆಯ ಟೈರಿನಿಂದ ಕಾರಿನ ಓಟ ಶೇಕಡ ಐದರಷ್ಟು ತಗ್ಗಿದರೂ ನಷ್ಟ ಐದು ಪೈಸೆ, ಉಳಿತಾಯ ಒಂಬತ್ತು. ನಮ್ಮ ಸಾರಿಗೆ ನಿಗಮಗಳು ಬಸ್ಸಿನ ಟೈರನ್ನು ಎಷ್ಟು ಕಿಲೋಮೀಟರ್ ಓಡಿತೆಂದೇ ಅಳೆಯುತ್ತವೆ, ಸವೆದದ್ದಕ್ಕೆ ಹೊಸ ಪಟ್ಟಿ ಹಚ್ಚಿ ಮತ್ತೆ ಓಡಿಸುತ್ತವೆ. ಕಾರಿನವರು ಮಾತ್ರ ಇನ್ನೂ ಬಿಲ್ಲಿನ ಮೊತ್ತವನ್ನಷ್ಟೇ ನೋಡುತ್ತೇವೆ.

ಹಾಗೆಂದು ಬಾಳಿಕೆಯೊಂದನ್ನೇ ಬೆನ್ನಟ್ಟುವಂತಿಲ್ಲ. ಸುಲಭವಾಗಿ ಉರುಳುವುದು, ಒದ್ದೆ ನೆಲದಲ್ಲಿ ಹಿಡಿತ, ಸವೆಯದಿರುವುದು: ಈ ಮೂರು ಗುಣಗಳು ಒಂದು ತ್ರಿಕೋನದ ಮೂಲೆಗಳಿದ್ದಂತೆ, ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ. ಕೇವಲ ಗಡಸು ರಬ್ಬರಿನಿಂದ ಬಾಳಿಕೆ ಪಡೆದ ಟೈರು ಮಳೆಯಲ್ಲಿ ಜಾರೀತು. ರಬ್ಬರಿಗೆ ಸಿಲಿಕಾ ಬೆರೆಸಿ ಮೂರನ್ನೂ ಒಂದಿಷ್ಟು ಹೊಂದಿಸುವ ವಿದ್ಯೆ ಬಂದಿದೆ. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ.

ಆದರೆ ಗಿರಾಕಿಗೆ ಇದು ತಿಳಿಯುವುದು ಹೇಗೆ? ಕೆಲವು ಟೈರುಗಳ ಮೇಲೆ 'ಟ್ರೆಡ್‌ವೇರ್' ಎಂದು 300, 500 ಮುಂತಾದ ಅಂಕಿಗಳಿರುತ್ತವೆ. ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚು. ಅಮೆರಿಕದ ಪದ್ಧತಿಯದು, ತಯಾರಕರೇ ಪರೀಕ್ಷಿಸಿ ಕೊಟ್ಟುಕೊಳ್ಳುವ ಅಂಕಿ. ಆದ್ದರಿಂದ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲಷ್ಟೇ ಅದು ನಂಬಿಗಸ್ತ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಅಧಿಸೂಚನೆಯು ಉರುಳುವಿಕೆಯ ತಡೆ, ಒದ್ದೆ ನೆಲದ ಹಿಡಿತ ಮತ್ತು ಸದ್ದಿಗೆ ಮಾನದಂಡ ವಿಧಿಸಿತು. ಸವೆತ ಆ ಪಟ್ಟಿಯಲ್ಲಿರಲಿಲ್ಲ.

ಸವೆತ ನನ್ನ ಜೇಬಿನ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹೊಸತಾಗಿದ್ದಾಗಿನಿಂದ ಬೋಳಾಗುವವರೆಗೆ ಒಂದು ಟೈರು ಸುಮಾರು ಒಂದು ಕಿಲೋ ತೂಕ ಕಳೆದುಕೊಳ್ಳುತ್ತದೆ. ಆ ಕಿಲೋ ಎಲ್ಲಿಗೆ ಹೋಯಿತು? ಒಂದು ಪಾಲು ಗಾಳಿಗೆ. ಉಳಿದದ್ದು ರಸ್ತೆಗೆ, ಮಳೆ ಬಂದಾಗ ಚರಂಡಿಗೆ. ನಮ್ಮ ಬಡಾವಣೆಯ ಪಕ್ಕದಲ್ಲೇ, ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ವೃಷಭಾವತಿ ಹುಟ್ಟುತ್ತಾಳೆಂಬುದು ಹಿರಿಯರ ನಂಬಿಕೆ. ಇಂದು ಅವಳು ಊರ ಕೊಳೆಯನ್ನೆಲ್ಲ ಹೊತ್ತು ಬೈರಮಂಗಲದ ಕೆರೆಗೂ, ಮುಂದೆ ಅರ್ಕಾವತಿಗೂ, ಅಲ್ಲಿಂದ ಕಾವೇರಿಗೂ ಸೇರುತ್ತಾಳೆ. ಅದರಲ್ಲಿ ನನ್ನ ನಾಲ್ಕು ಕಿಲೋ ಪಾಲೂ ಇದೆ.

ಈ ಧೂಳು ನಿರುಪದ್ರವಿಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆಯ ನಂತರ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. ಟೈರು ಬಿರಿಯದಂತೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕವು ಓಜೋನಿನೊಂದಿಗೆ ಬೆರೆತು ಉಂಟಾಗುವ ವಸ್ತುವೇ ಅದಕ್ಕೆ ಕಾರಣವೆಂದು ವಿಜ್ಞಾನಿಗಳು 2020ರಲ್ಲಿ ತೋರಿಸಿಕೊಟ್ಟರು. ಯುರೋಪ್ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮಗಳು ಹೊಗೆಯ ಜೊತೆಗೆ ಟೈರಿನ ಸವೆತವನ್ನೂ ಮಿತಿಗೆ ಒಳಪಡಿಸಿವೆ. ನಾವು ವಿದ್ಯುತ್ ವಾಹನಗಳಿಗೆ ಉತ್ತೇಜನ ಕೊಡುವಾಗ, ಪ್ರತಿ ಟೈರಿನ ಮೇಲೂ ಅದರ ಸವೆತದ ಪ್ರಮಾಣವನ್ನು ತಯಾರಕರಲ್ಲದವರು ಪರೀಕ್ಷಿಸಿ ನಮೂದಿಸಬೇಕೆಂದು ಏಕೆ ಕೇಳಬಾರದು? ಫ್ರಿಜ್ಜಿನ ಮೇಲೆ ನಕ್ಷತ್ರ ಎಣಿಸಿ ಕೊಳ್ಳುವುದನ್ನು ಕಲಿತ ನಮಗೆ ಇದು ಕಷ್ಟವಾಗದು.

ಕೊನೆಗೆ ನಾನು ಕೊಂಡದ್ದು 99ರ ಸೂಚಿಯ, ಒದ್ದೆ ನೆಲದಲ್ಲಿ ಒಳ್ಳೆಯ ಹಿಡಿತವಿದೆಯೆಂದು ಹೆಸರು ಪಡೆದ, ಅದೇ ಕಂಪನಿಯ ಇತರ ಟೈರುಗಳಿಗಿಂತ ಹೆಚ್ಚು ಟ್ರೆಡ್‌ವೇರ್ ಅಂಕಿಯ ಟೈರುಗಳನ್ನು. ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕಂಕಿಯನ್ನೂ ನೋಡಿಯೇ ದುಡ್ಡು ಕೊಟ್ಟೆ. ಚಾರ್ಜಿಗೆ ಹತ್ತು ಹನ್ನೆರಡು ಕಿ.ಮೀ. ಓಟ ತಗ್ಗಿದೆ, ಊರೊಳಗೆ ಓಡಾಡುವವನಿಗೆ ಅದು ತಿಳಿಯುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸುತ್ತೇನೆ. ಎಂಟು ಸಾವಿರ ಕಿ.ಮೀ.ಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಿಸಿ, ಅಲೈನ್‌ಮೆಂಟ್ ಮಾಡಿಸುತ್ತೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ಬಲಗಾಲಿನ ಸಂಯಮ. ಹಸಿರು ದೀಪ ಬಿದ್ದಾಗ ಈಗ ಸ್ಕೂಟರಿನವರು ಮುಂದೆ ಹೋಗುತ್ತಾರೆ, ಹೋಗಲಿ. ಗುಡ್ಡದ ಇಳಿಜಾರಿನಲ್ಲಿ ಕೊಡೆ ಹಿಡಿದ ಮಕ್ಕಳು ಕಂಡಾಗ ಮಾತ್ರ ಆ ನಾಲ್ಕು ಅಡಿ ನೆನಪಾಗುತ್ತದೆ. ಬೆಳಗಿನ ಗೆಳೆಯರು ಕಾರಿನ ಬಗ್ಗೆ ಕೇಳಿದರೆ ಈಗಲೂ ಹೊಗಳುತ್ತೇನೆ. ಆದರೆ ಮಾತು ಟೈರಿನಿಂದ ಆರಂಭವಾಗುತ್ತದೆ.