ವಡಾಲದಲ್ಲಿ ಬಾಬಾಸಾಹೇಬರ ಹೆಸರಿನ ಕಾಲೇಜು

ಹಾರ್ಬರ್ ಲೈನಿನ ವಡಾಲ ರೋಡ್ ಸ್ಟೇಶನ್ನಿನಲ್ಲಿ ಬೆಳಗಿನ ಹೊತ್ತು ಇಳಿದರೆ, ಹೆಗಲಿಗೆ ಬ್ಯಾಗು ಹಾಕಿದ ಹುಡುಗ ಹುಡುಗಿಯರ ಜೊತೆಗೇ ಹೆಜ್ಜೆ ಹಾಕಬೇಕಾಗುತ್ತದೆ. ಅವರಲ್ಲಿ ಅನೇಕರು ಹೋಗುವುದು ಡಾ. ಅಂಬೇಡ್ಕರ್ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಾಲೇಜಿಗೆ. 1945ರ ಜುಲೈ 8ರಂದು ಬಾಬಾಸಾಹೇಬ ಅಂಬೇಡ್ಕರರೇ ಸ್ಥಾಪಿಸಿದ ಪೀಪಲ್ಸ್ ಎಜುಕೇಶನ್ ಸೊಸೈಟಿ ಇದನ್ನು 1972ರಲ್ಲಿ ಶುರುಮಾಡಿತು. ತಾವು ಬದುಕಿದ್ದಾಗ ಕಟ್ಟಿದ ಕಾಲೇಜುಗಳಿಗೆ ಅವರು ತಮ್ಮ ಹೆಸರಿಡಲಿಲ್ಲ. ಮುಂಬಯಿಯದಕ್ಕೆ ಸಿದ್ಧಾರ್ಥ, ಔರಂಗಾಬಾದಿನದಕ್ಕೆ ಮಿಲಿಂದ ಎಂದು ಬೌದ್ಧ ಪರಂಪರೆಯ ಹೆಸರುಗಳನ್ನು ಆರಿಸಿಕೊಂಡರು.

ಈ ಕಾಲೇಜಿನಲ್ಲಿ ಸಾಲಾಗಿ ಬೆಂಚುಗಳಿವೆ. ಅವನ್ನು ನೋಡುವಾಗ ಸಾತಾರಾದ ಶಾಲೆಯ ಸಂಗತಿ ಎದೆಗೆ ಚುಚ್ಚುತ್ತದೆ. 1900ರ ನವೆಂಬರ್ 7ರಂದು ಅಲ್ಲಿನ ಸರಕಾರಿ ಶಾಲೆಗೆ ಸೇರಿದ ಬಾಲಕ ಭೀವಾ (ಬಾಬಾಸಾಹೇಬರ ಬಾಲ್ಯದ ಹೆಸರು), ಕೂರಲು ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿತ್ತು. ಸಂಜೆ ಅದನ್ನು ಮನೆಗೇ ವಾಪಸು ತರಬೇಕಿತ್ತು, ಕಸ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನ ಬಂದು ಮೇಲಿನಿಂದ ನೀರು ಹೊಯ್ಯಬೇಕು. ಅವನು ರಜೆ ಹಾಕಿದ ದಿನ ನೀರೇ ಇಲ್ಲ. ಮಹಾರಾಷ್ಟ್ರ ಈಗ ನವೆಂಬರ್ 7ನ್ನು ವಿದ್ಯಾರ್ಥಿ ದಿನವೆಂದು ಆಚರಿಸುತ್ತದೆ.

ವಡಾಲ ಎಂದರೆ ನೆನಪಾಗುವ ಇನ್ನೊಂದು ಹೆಸರು ಸಿದ್ಧಾರ್ಥ ವಿಹಾರ. ಹಳ್ಳಿಗಳಿಂದ ಓದಲು ಬಂದ ದಲಿತ ಹುಡುಗರ ಹಾಸ್ಟೆಲ್ ಅದು. ದಲಿತ ಹೋರಾಟದ ನಾಯಕ ರಾಜಾ ಢಾಲೆ ಇದ್ದದ್ದು ಅಲ್ಲಿ; ಮುಂದೆ ಕೇಂದ್ರ ಮಂತ್ರಿಯಾದ ರಾಮದಾಸ ಆಠವಲೆಯವರೂ ಅಲ್ಲೇ ಇದ್ದರು. ಕಾಲೇಜು ಶುರುವಾದ ವರ್ಷವೇ ನಾಮದೇವ ಢಸಾಳ, ಜೆ. ವಿ. ಪವಾರ್ ಮುಂತಾದವರು ದಲಿತ ಪ್ಯಾಂಥರ್ ಎಂಬ ಹೋರಾಟದ ಸಂಘಟನೆ ಕಟ್ಟಿದರು. ಅವರ ಎಷ್ಟೋ ಚರ್ಚೆ, ಜಗಳ, ಯೋಜನೆಗಳು ನಡೆದದ್ದು ಈ ಹಾಸ್ಟೆಲಿನ ಕೋಣೆಗಳಲ್ಲಿ. ಪಾಠದ ಕೋಣೆಯಷ್ಟೇ ಮಲಗುವ ಕೋಣೆಯೂ ಮುಖ್ಯವೆಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಲ್ಲಿ. ನಗರದಲ್ಲಿ ತಲೆಯ ಮೇಲೊಂದು ಸೂರಿಲ್ಲದ ಹುಡುಗ ಕಾಲೇಜಿನ ಮೆಟ್ಟಿಲು ಹತ್ತುವುದಾದರೂ ಹೇಗೆ?

ಬಾಬಾಸಾಹೇಬರಿಗೆ ಇದು ಮೊದಲೇ ಗೊತ್ತಿತ್ತು. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಕಾಲ, 1920ರ ದಶಕದ ಕೊನೆಗೆ, ಅಲ್ಲಿಯೂ ದಲಿತ ಮಕ್ಕಳ ವಸತಿನಿಲಯ ಶುರುವಾಗಲು ಅವರ ಪ್ರಯತ್ನವೇ ಕಾರಣ. ಪ್ಯಾಂಥರ್‌ಗಳ ಕಾವು ಎಪ್ಪತ್ತರ ದಶಕದಲ್ಲಿ ಕರ್ನಾಟಕಕ್ಕೂ ತಟ್ಟಿತು; ಪ್ರೊ. ಬಿ. ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಅದೇ ದಶಕದಲ್ಲಿ.

ಬಾಬಾಸಾಹೇಬರು ತೀರಿಕೊಂಡ ದಿನವಾದ ಡಿಸೆಂಬರ್ 6ಕ್ಕೆ ಅವರ ಸಮಾಧಿಯಿರುವ ಚೈತ್ಯಭೂಮಿಗೆಂದು ಮುಂಬಯಿಗೆ ಬರುವ ಕನ್ನಡಿಗರು ದಾದರಿನಲ್ಲಿ ಅವರ ಮನೆ ರಾಜಗೃಹ ನೋಡಿ ಊರಿಗೆ ಮರಳುತ್ತಾರೆ. ವಡಾಲ ಅಲ್ಲಿಂದ ದೂರವಲ್ಲ. ಮಕ್ಕಳನ್ನು ಕರೆತಂದವರು ಇಲ್ಲಿಗೂ ಬನ್ನಿ, ಗೋಣಿತಟ್ಟಿನ ಕಥೆಯನ್ನು ಅವರಿಗೆ ಇಲ್ಲೇ ಹೇಳಿ.