ಕೊಳವೆಯ ಅಳತೆ, ದೋಣಿಯ ರಕ್ಷಣೆ

ಮಲ್ಪೆ, ಮಂಗಳೂರು ಮೊದಲಾದ ಬಂದರುಗಳಿಂದ ಮೀನುಗಾರರ ಯಂತ್ರದೋಣಿಗಳು ಕಡಲಿಗೆ ಹೊರಡುತ್ತವೆ. ಎಷ್ಟೇ ಭದ್ರವಾಗಿ ಕಟ್ಟಿದ ದೋಣಿಯಾದರೂ ಅದರ ತಳದಲ್ಲಿ ನೀರು ಸೇರದೆ ಇರುವುದಿಲ್ಲ. ಅಲೆಗಳು ಎರಚಿದ ನೀರು, ಮಳೆಯ ನೀರು, ಪ್ರೊಪೆಲ್ಲರ್ ದಂಡದ ಸಂದಿಯಿಂದ ಜಿನುಗುವ ನೀರು ಎಲ್ಲವೂ ಅಲ್ಲಿಗೇ ಇಳಿಯುತ್ತವೆ. ಈ ನೀರನ್ನು ಹೊರಹಾಕುವ ಸಾಧನಕ್ಕೆ ‘ಬಿಲ್ಜ್ ಪಂಪು’ ಎಂದು ಹೆಸರು.

ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ, ದೋಣಿಯ ಮೈಯಲ್ಲಿ 2.5 ಸೆಂಟಿಮೀಟರ್ ವ್ಯಾಸದ ಒಂದು ರಂಧ್ರ ಬಿದ್ದಿತೆನ್ನೋಣ. ಅದರ ಮೂಲಕ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳನುಗ್ಗುತ್ತದೆ. ಪಂಪಿನ ಮೇಲೆ ‘ನಿಮಿಷಕ್ಕೆ 60 ಲೀಟರ್’ ಎಂದು ಬರೆದಿದ್ದರೆ ಭಯವಿಲ್ಲವೆಂದು ತೋರಬಹುದು. ಆದರೆ ಆ ಸಂಖ್ಯೆಯು ಸಾಮಾನ್ಯವಾಗಿ ನೀರನ್ನು ಮೇಲೆತ್ತುವ ಹೊರೆಯಾಗಲಿ, ಉದ್ದನೆಯ ಕೊಳವೆಯ ಅಡ್ಡಿಯಾಗಲಿ ಇಲ್ಲದಾಗ ಅಳೆದದ್ದು. ಕೊಳವೆ ಕಿರಿದಾಗಿದ್ದರೆ ಅದೇ ಪಂಪು 40 ಲೀಟರನ್ನೂ ಹೊರಹಾಕಲಾರದೆ ಹೋಗಬಹುದು. ಆಗ ದೋಣಿಯಲ್ಲಿ ನೀರು ಏರುತ್ತಲೇ ಇರುತ್ತದೆ.

ಇದಕ್ಕೆ ಕಾರಣವೇನು? ಹರಿಯುವ ನೀರಿಗೂ ಕೊಳವೆಯ ಒಳಮೈಗೂ ಘರ್ಷಣೆ ಉಂಟಾಗುತ್ತದೆ. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿಯು ಕೊಳವೆಗಳಲ್ಲಿ ನೀರಿನ ಚಲನೆಯನ್ನು ಕುರಿತು ತಾನು ನಡೆಸಿದ ಪ್ರಯೋಗಗಳನ್ನು 1857ರಲ್ಲಿ ಪ್ರಕಟಿಸಿದನು. ಒಳಮೈ ಒರಟಾದಷ್ಟೂ ನೀರಿಗೆ ತಡೆ ಹೆಚ್ಚೆಂಬುದು ಅವುಗಳಿಂದ ಸ್ಪಷ್ಟವಾಯಿತು. ಒಳಗೆ ಸುಕ್ಕುಗಳಿರುವ ಕೊಳವೆಗಿಂತ ನುಣುಪಾದ ಕೊಳವೆ ಮೇಲೆನ್ನುವುದು ಇದರಿಂದಲೇ.

ವ್ಯಾಸದ ಪ್ರಭಾವವಾದರೋ ಇನ್ನೂ ಹೆಚ್ಚಿನದು. ಕೊಳವೆಯ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಅದರ ಬಾಯಿಯ ಕ್ಷೇತ್ರಫಲ ನಾಲ್ಕನೆಯ ಒಂದು ಭಾಗವಾಗುತ್ತದೆ. ಮೊದಲಿನಷ್ಟೇ ನೀರು ಸಾಗಬೇಕಾದರೆ ಅದು ನಾಲ್ಕು ಪಟ್ಟು ವೇಗದಿಂದ ಹರಿಯಬೇಕು. ಘರ್ಷಣೆಯ ನಷ್ಟವು ವೇಗದ ವರ್ಗದೊಡನೆ ಏರುವುದರಿಂದ 16 ಪಟ್ಟಾಗುತ್ತದೆ. ವ್ಯಾಸ ಅರ್ಧವಾದುದರಿಂದ ಮತ್ತೆ ಇಮ್ಮಡಿಸಿ ಸುಮಾರು 32 ಪಟ್ಟಾಗುತ್ತದೆ. ಇಷ್ಟು ಹೊರೆಯನ್ನು ಪಂಪು ತಾಳಲಾರದು. ಅದು ಹೊರಹಾಕುವ ನೀರು ಕಡಿಮೆಯಾಗುತ್ತದೆ.

ಹಾಗೆಂದು ಕೊಳವೆಯನ್ನು ಮಿತಿಮೀರಿ ದಪ್ಪವಾಗಿಸುವುದೂ ಸರಿಯಲ್ಲ. ಪಂಪು ನಿಂತೊಡನೆ ಕೊಳವೆಯಲ್ಲಿ ಉಳಿದ ನೀರು ದೋಣಿಯ ತಳಕ್ಕೆ ಮರಳುತ್ತದೆ. 3 ಮೀಟರ್ ಉದ್ದದ, 2.5 ಸೆಂಟಿಮೀಟರ್ ವ್ಯಾಸದ ಕೊಳವೆ ಸುಮಾರು ಒಂದೂವರೆ ಲೀಟರ್ ನೀರನ್ನು ಹಿಡಿದರೆ, ವ್ಯಾಸವು ಅದರ ಇಮ್ಮಡಿಯಾದ ಕೊಳವೆ ಸುಮಾರು 6 ಲೀಟರನ್ನು ಹಿಡಿಯುತ್ತದೆ. ಆದುದರಿಂದ ಪಂಪಿನ ಹೊರಬಾಯಿಗಿಂತ ಕಿರಿದಾಗದ, ನುಣುಪಾದ, ತಿರುವುಗಳು ಕಡಿಮೆಯಿರುವ, ಆದಷ್ಟು ಗಿಡ್ಡನೆಯ ಕೊಳವೆಯನ್ನು ಆರಿಸಬೇಕು.

ಬಾವಿಯಿಂದ ಹೊಲಕ್ಕೆ ನೀರೆತ್ತುವ ಪಂಪಿಗೂ ಇದೇ ನಿಯಮ ಅನ್ವಯಿಸುತ್ತದೆ. ಹೊಲದಲ್ಲಿ ತಪ್ಪಿದರೆ ಬೆಳೆಗೆ ನೀರು ಸಾಲದೆ ಹೋದೀತು. ಕಡಲಿನಲ್ಲಿ ತಪ್ಪಿದರೆ ದೋಣಿಯಲ್ಲಿರುವವರ ಪ್ರಾಣಕ್ಕೇ ಸಂಚಕಾರ. ಪಂಪಿನ ಸಾಮರ್ಥ್ಯವನ್ನು ಅದರ ಮೋಟಾರಿನಿಂದಷ್ಟೇ ಅಳೆಯದೆ, ನೀರು ಸಾಗುವ ದಾರಿಯನ್ನೂ ನೋಡಿ ಅಳೆಯಬೇಕು.