ಬಿಸಿಯಾಗುವುದೇ ಕೆಲಸ

ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ದಪ್ಪನೆಯ ಫ್ಯಾನ್ ರೆಗ್ಯುಲೇಟರ್ ಇರುತ್ತಿತ್ತು. ಫ್ಯಾನು ನಿಧಾನವಾಗಿ ತಿರುಗುವಾಗ ಅದು ಚೆನ್ನಾಗಿ ಕಾಯುತ್ತಿತ್ತು. ಒಳಗಿದ್ದದ್ದು ಪಿಂಗಾಣಿಯ ಮೇಲೆ ತಂತಿ ಸುತ್ತಿದ ವೈರ್‌ವೂಂಡ್ ರೆಸಿಸ್ಟರ್. ಫ್ಯಾನಿಗೆ ಹೋಗಬೇಕಾದ ವೋಲ್ಟೇಜಿನ ಒಂದು ಪಾಲನ್ನು ಅದು ತಾನೇ ನುಂಗಿ ಶಾಖವಾಗಿ ಹೊರಹಾಕುತ್ತಿತ್ತು. ಹಾಗಾಗಿ ಗಾಳಿ ಕಡಿಮೆಯಾದಷ್ಟು ಕರೆಂಟ್ ಬಿಲ್ ಕಡಿಮೆಯಾಗುತ್ತಿರಲಿಲ್ಲ. ಈಗಿನ ರೆಗ್ಯುಲೇಟರುಗಳಲ್ಲಿ ಆ ಕೆಲಸ ಕೆಪಾಸಿಟರಿನದೋ ಟ್ರಯಾಕಿನದೋ ಆಗಿರುವುದರಿಂದ ಅವು ಪುಟ್ಟದಾಗಿವೆ, ಅಷ್ಟು ಕಾಯುವುದೂ ಇಲ್ಲ.

ರೆಸಿಸ್ಟರ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಓಮ್ ಎಂದು. ಎಷ್ಟು ವ್ಯಾಟ್ ಎಂಬುದೂ ಅಷ್ಟೇ ಮುಖ್ಯ. 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಹೊತ್ತಿಸಬೇಕು ಎನ್ನಿ. ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು; ಉಳಿದ 3 ವೋಲ್ಟನ್ನು ರೆಸಿಸ್ಟರ್ ಇಳಿಸಿಕೊಳ್ಳಬೇಕು. 15 ಮಿಲಿಆಂಪಿಯರ್ ಹರಿಯಲೆಂದರೆ ಲೆಕ್ಕಕ್ಕೆ 200 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 220. ಹುಟ್ಟುವ ಶಾಖ 0.05 ವ್ಯಾಟಿಗಿಂತ ಕಡಿಮೆ, ಕಾಲು ವ್ಯಾಟಿನದು ಧಾರಾಳ. ಅದನ್ನೇ ನೇರವಾಗಿ 12 ವೋಲ್ಟಿಗೆ ಸೇರಿಸಿ ನೋಡಿ: 0.65 ವ್ಯಾಟ್! ಮೈಮೇಲಿನ ಬಣ್ಣದ ಪಟ್ಟಿಗಳು ಕಪ್ಪಾಗುತ್ತವೆ, ಮೂಗಿಗೆ ಸುಟ್ಟ ವಾಸನೆ ಬಡಿಯುತ್ತದೆ.

ಇಂಥ ಸಣ್ಣಪುಟ್ಟ ಕೆಲಸಕ್ಕೆ ಅಗ್ಗದ ಕಾರ್ಬನ್ ಫಿಲ್ಮ್ ಸಾಕು. ತುದಿಯ ಚಿನ್ನದ ಬಣ್ಣದ ಪಟ್ಟಿಗೆ ಅರ್ಥ, ರೋಧ ಶೇ 5ರಷ್ಟು ಆಚೀಚೆ ಆಗಬಹುದು ಎಂದು. ಅಳತೆಯ ಉಪಕರಣಗಳಿಗೆ ಇದು ಸಾಲದು. ಅಲ್ಲಿ ಸಾಮಾನ್ಯವಾಗಿ ಶೇ 1ರ ಮೆಟಲ್ ಫಿಲ್ಮ್ ಬಳಸುತ್ತಾರೆ. ರೇಡಿಯೋದ ವಾಲ್ಯೂಮ್ ತಿರುಗಣಿಯ ಹಿಂದಿರುವ ಪೊಟೆನ್ಷಿಯೋಮೀಟರ್ ಕೂಡ ರೆಸಿಸ್ಟರೇ. ಕತ್ತಲಾದೊಡನೆ ತಾನಾಗಿ ಹೊತ್ತುವ ಕೆಲವು ದೀಪಗಳಲ್ಲಿರುವ ಎಲ್‌ಡಿಆರ್, ಬೆಳಕು ಬಿದ್ದಾಗ ತನ್ನ ರೋಧ ತಗ್ಗಿಸಿಕೊಳ್ಳುವ ಜಾತಿಯದು.

ನನಗೆ ಇವೆಲ್ಲಕ್ಕಿಂತ ಜಾಣ ಎನಿಸುವುದು ಎನ್‌ಟಿಸಿ ಥರ್ಮಿಸ್ಟರ್. ಬಿಸಿಯಾದಂತೆ ಇದರ ರೋಧ ಕುಸಿಯುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈಗೆ ಸ್ವಿಚ್ ಹಾಕಿದ ಕ್ಷಣದಲ್ಲಿ ಒಳಗಿನ ದೊಡ್ಡ ಕೆಪಾಸಿಟರ್ ಖಾಲಿಯಿರುವುದರಿಂದ ಕರೆಂಟು ಒಮ್ಮೆಗೇ ನುಗ್ಗುತ್ತದೆ. ತಡೆಯುವವರಿಲ್ಲದಿದ್ದರೆ ಫ್ಯೂಸಿಗೂ ಡಯೋಡಿಗೂ ಅಪಾಯ. ದಾರಿಯಲ್ಲಿ ಕೂತ ತಣ್ಣನೆಯ ಥರ್ಮಿಸ್ಟರ್ ಕೆಲವು ಓಮ್‌ಗಳಷ್ಟು ಅಡ್ಡ ನಿಲ್ಲುತ್ತದೆ. ಆ ಕರೆಂಟಿನಿಂದಲೇ ಕಾದು, ಕ್ರಮೇಣ ತನ್ನ ರೋಧ ಇಳಿಸಿಕೊಂಡು ದಾರಿ ಬಿಡುತ್ತದೆ. ಒಂದು ಕೊರತೆಯಿದೆ. ಆರಿಸಿದ ಮೇಲೆ ಅದು ತಣ್ಣಗಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕೆಪಾಸಿಟರ್ ಅದಕ್ಕೂ ಮೊದಲೇ ಖಾಲಿಯಾಗಿರಬಹುದು. ಆಗ ಸ್ವಿಚ್ ಹಾಕಿದರೆ ಕರೆಂಟಿನ ನುಗ್ಗಾಟಕ್ಕೆ ತಡೆ ಬಹಳ ಕಡಿಮೆ. ಒಂದೆರಡು ನಿಮಿಷ ಬಿಟ್ಟು ಹಾಕುವುದು ಮೇಲು.